ರೀಬೂಟ್ ಮಾಡಿದರೆ ಏಳುತ್ತದೆ, ಆಫ್ ಮಾಡಿ ಆನ್ ಮಾಡಿದರೆ ಏಳುವುದಿಲ್ಲ: ಯುಇಎಫ್‌ಐ ವಿಎಂ ಬೂಟ್ ತೊಂದರೆ

ಭೋಸರಿ ಅಡ್ಮಿನ್ · ಶುಕ್ರವಾರ ಬೆಳಗ್ಗೆ 8:50
ಎಲ್ಲರಿಗೂ ನಮಸ್ಕಾರ. ಪುಣೆಯ ಭೋಸರಿ ಎಂಐಡಿಸಿಯಲ್ಲಿ ಒಂದು ಸಣ್ಣ ಕಾರ್ಖಾನೆಯ ಐಟಿ ನೋಡಿಕೊಳ್ಳುತ್ತೇನೆ. ಪುಣೆಯವರಿಗೆ ಗೊತ್ತೇ ಇದೆ, ನಮ್ಮ ಕಡೆ ವಾರದ ರಜೆ ಗುರುವಾರ. ಲೈನ್ ರಿಪೇರಿಗೆ ಕರೆಂಟ್ ತೆಗೆಯುವುದೂ ಗುರುವಾರವೇ. ಈ ಸಲ ಯುಪಿಎಸ್ ಬ್ಯಾಟರಿ ಬದಲಿಸುವುದಿತ್ತು, ಹಾಗಾಗಿ ಬುಧವಾರ ರಾತ್ರಿ ಪ್ರಾಕ್ಸ್‌ಮಾಕ್ಸ್ ಹೋಸ್ಟ್ (ವಿಎಂಗಳನ್ನು, ಅಂದ್ರೆ ವರ್ಚುವಲ್ ಮೆಷಿನ್‌ಗಳನ್ನು ಓಡಿಸುವ ಸರ್ವರ್) ಅನ್ನೇ ಪೂರ್ತಿ ಆಫ್ ಮಾಡಿ ಹೋದೆವು.

ಇವತ್ತು ಆನ್ ಮಾಡಿದರೆ ಮೂರು ವಿಎಂಗಳಲ್ಲಿ ಎರಡು ಸರಿಯಾಗಿ ಎದ್ದವು. ಸ್ಟೋರ್ಸ್‌ನವರ ಡೆಬಿಯನ್ 12 ಮಾತ್ರ ಏಳುತ್ತಿಲ್ಲ. ಕನ್ಸೋಲ್‌ನಲ್ಲಿ ಲೋಗೋ ಬರುತ್ತದೆ. ಆಮೇಲೆ «ಬಿಡಿಎಸ್‌ಡಿಎಕ್ಸ್‌ಇ: ಫೇಲ್ಡ್ ಟು ಲೋಡ್ ಬೂಟ್0001» ಅಂತ ಶುರುವಾಗಿ ಹಾರ್ಡ್‌ಡಿಸ್ಕ್ ಹೆಸರು ಬಂದು ಕೊನೆಗೆ «ನಾಟ್ ಫೌಂಡ್». ಆಮೇಲೆ ಸುಮಾರು ಹೊತ್ತು ಪಿಎಕ್ಸ್‌ಇ, ಪಿಎಕ್ಸ್‌ಇ ಅಂತ (ನೆಟ್‌ವರ್ಕ್‌ನಿಂದ ಬೂಟ್ ಆಗುವ ಪ್ರಯತ್ನ) ಕೂರುತ್ತದೆ. ಕೊನೆಗೆ ಹಳದಿ ಅಕ್ಷರದ ಶೆಲ್, ಅಂದ್ರೆ ಕಮಾಂಡ್ ಟೈಪ್ ಮಾಡುವ ಪರದೆ.

ವಿಚಿತ್ರ ಅಂದ್ರೆ ಕರ್ನಲ್ ಅಪ್‌ಡೇಟ್ ಆದಾಗಲೆಲ್ಲ ಇದೇ ವಿಎಂ ರೀಬೂಟ್ ಮಾಡಿದ್ದೇನೆ, ಒಮ್ಮೆಯೂ ತೊಂದರೆ ಕೊಟ್ಟಿಲ್ಲ. ಇದನ್ನು ಹಾಕಿಕೊಟ್ಟ ವೆಂಡರ್ ಈಗ ಫೋನ್ ಎತ್ತುತ್ತಿಲ್ಲ. ಹೊರಗೆ ಚಾಕಣ್‌ಗೆ ಹೋಗಬೇಕಾದ ಟೆಂಪೋ ನಿಂತಿದೆ, ಚಲನ್ ಪ್ರಿಂಟ್ ಆಗುತ್ತಿಲ್ಲ. ದಯವಿಟ್ಟು ಯಾರಾದರೂ ದಾರಿ ಹೇಳಿ.

ಐರೋಲಿ ನೈಟ್‌ಶಿಫ್ಟ್ · 8:58
ಡಿಸ್ಕ್ ಕೆಟ್ಟಿರಬಹುದು ಗುರು. ಮಂಗಳವಾರದ ಬ್ಯಾಕಪ್ ಇದ್ದರೆ ರಿಸ್ಟೋರ್ ಹೊಡೆದುಬಿಡು. ಟೆಂಪೋ ಮೊದಲು ಹೋಗಲಿ.

ಮಾಟುಂಗಾ ಮಾಮ · 9:04
ಸ್ವಲ್ಪ ತಡೀರಿ ಮಾರಾಯ್ರೇ, ರಿಸ್ಟೋರ್ ಬೇಡ. ಬುಧವಾರದ ಎಂಟ್ರಿಗಳೆಲ್ಲ ಹೋಗುತ್ತವೆ. ಅಷ್ಟು ಮಾಡಿಯೂ ವಿಎಂ ಏಳದೇ ಇರಬಹುದು.

ಪರದೆ ಮೇಲೆ ಏನಿದೆ ಅಂತ ಸರಿಯಾಗಿ ಓದಿದ್ದೀರಿ, ಅದೇ ಅರ್ಧ ಕೆಲಸ. ಲೋಗೋ ಬಂತು ಅಂದ್ರೆ ಓವಿಎಂಎಫ್ ಓಡುತ್ತಿದೆ, ಅದು ವಿಎಂನ ಯುಇಎಫ್‌ಐ ಫರ್ಮ್‌ವೇರ್ (ಓಎಸ್‌ಗೂ ಮೊದಲು ಓಡಿ ಅದನ್ನು ಎಬ್ಬಿಸುವ ಪ್ರೋಗ್ರಾಮ್). ಡಿಸ್ಕ್ ಹೆಸರು ಬಂತು ಅಂದ್ರೆ ಡಿಸ್ಕ್ ಅದಕ್ಕೆ ಕಾಣುತ್ತಿದೆ. «ನಾಟ್ ಫೌಂಡ್» ಅನ್ನುವುದು ಡಿಸ್ಕ್ ಬಗ್ಗೆ ಅಲ್ಲ. ಆ ಡಿಸ್ಕ್ ಒಳಗೆ ತಾನು ಹುಡುಕಿದ ಬೂಟ್ ಫೈಲ್ ಸಿಗಲಿಲ್ಲ ಅಂತ ಅದು ಹೇಳುತ್ತಿದೆ. ಸೆಕ್ಯೂರ್ ಬೂಟ್ (ಒಪ್ಪಿಗೆಯ ಸಹಿ ಇಲ್ಲದ ಬೂಟ್ ಫೈಲ್ ಓಡಲು ಬಿಡದ ಕಾವಲು) ತಕರಾರು ಆಗಿದ್ದರೆ «ಆಕ್ಸೆಸ್ ಡಿನೈಡ್» ಅಥವಾ «ಸೆಕ್ಯೂರಿಟಿ ವಯಲೇಷನ್» ಅಂತ ಬರುತ್ತಿತ್ತು.

ಈಗ ಆ ಹಳದಿ ಶೆಲ್‌ನಲ್ಲೇ «ಮ್ಯಾಪ್ -ಆರ್» ಅಂತ ಟೈಪ್ ಮಾಡಿ. ಎಫ್‌ಎಸ್0 ಅಂತ ಏನಾದರೂ ಕಾಣುತ್ತಾ? ಕಂಡರೆ «ಎಫ್‌ಎಸ್0:» ಕೊಟ್ಟು ಒಳಗೆ ಹೋಗಿ, «ಎಲ್‌ಎಸ್ ಇಎಫ್‌ಐ» ಮಾಡಿ ಏನೇನು ಫೋಲ್ಡರ್ ಇದೆ ಅಂತ ಇಲ್ಲಿ ಹಾಕಿ.

ಭೋಸರಿ ಅಡ್ಮಿನ್ · 9:11
ಎಫ್‌ಎಸ್0 ಇದೆ ಸರ್. ಇಎಫ್‌ಐ ಒಳಗೆ ಡೆಬಿಯನ್ ಅನ್ನುವ ಒಂದೇ ಫೋಲ್ಡರ್. ಅದರಲ್ಲಿ ಶಿಮ್ಎಕ್ಸ್64, ಗ್ರಬ್ಎಕ್ಸ್64, ಗ್ರಬ್ ಡಾಟ್ ಸಿಎಫ್‌ಜಿ, ಇನ್ನೂ ಒಂದೆರಡು ಫೈಲ್. ಬೇರೇನೂ ಇಲ್ಲ.

ಮಾಟುಂಗಾ ಮಾಮ · 9:14
ಹಾಗಾದರೆ ಡೇಟಾ ಗಟ್ಟಿಯಾಗಿದೆ, ಗಾಬರಿ ಬೇಡ. ಅದೇ ಶೆಲ್‌ನಲ್ಲಿ ಇಎಫ್‌ಐ ಫೋಲ್ಡರ್‌ಗೆ ಹೋಗಿ, ಅಲ್ಲಿಂದ ಡೆಬಿಯನ್ ಫೋಲ್ಡರ್‌ಗೆ ಹೋಗಿ, ಶಿಮ್ಎಕ್ಸ್64 ಡಾಟ್ ಇಎಫ್‌ಐ ಅಂತ ಹೆಸರು ಟೈಪ್ ಮಾಡಿ ಎಂಟರ್ ಒತ್ತಿ. ಶಿಮ್ ಅಂದ್ರೆ ಗ್ರಬ್ ಅನ್ನುವ ಬೂಟ್‌ಲೋಡರ್ ಅನ್ನು ಎಬ್ಬಿಸುವ ಸಣ್ಣ ಪ್ರೋಗ್ರಾಮ್. ಪೂರ್ತಿ ಟೈಪ್ ಮಾಡಬೇಕಿಲ್ಲ, ಮೊದಲ ಅಕ್ಷರ ಕೊಟ್ಟು ಟ್ಯಾಬ್ ಒತ್ತಿದರೆ ಸಾಕು.

ಭೋಸರಿ ಅಡ್ಮಿನ್ · 9:19
ಎದ್ದಿತು!! ಗ್ರಬ್ ಮೆನು ಬಂತು, ಡೆಬಿಯನ್ ಬಂತು, ಚಲನ್ ಪ್ರಿಂಟ್ ಆಗುತ್ತಿದೆ. ದೊಡ್ಡ ಉಪಕಾರ ಆಯಿತು ಸರ್.

ಆದರೆ ಮುಂದಿನ ಸಲ ಆಫ್ ಮಾಡಿದರೆ ಮತ್ತೆ ಇದೇ ಕಥೆ ಅಲ್ವಾ?

ಕೊತ್ರೂಡ್ ಅಕ್ಕ · 9:31
ಹೌದು, ಮತ್ತೆ ಇದೇ ಕಥೆ. ಹಾಗಾಗಿ ಈಗಲೇ ಒಂದು ವಿಷಯ ನೋಡಿ. ಪ್ರಾಕ್ಸ್‌ಮಾಕ್ಸ್‌ನಲ್ಲಿ ಆ ವಿಎಂನ ಹಾರ್ಡ್‌ವೇರ್ ಪುಟ ತೆರೆಯಿರಿ. ಬಯಾಸ್ ಎದುರಿಗೆ ಓವಿಎಂಎಫ್ ಇರುತ್ತದೆ. ಇಎಫ್‌ಐ ಡಿಸ್ಕ್ ಅನ್ನುವ ಸಾಲು ಇದೆಯಾ? ಕೆಳಗೆ ಟಾಸ್ಕ್ ಪಟ್ಟಿಯಲ್ಲಿ ಇವತ್ತು ಬೆಳಗ್ಗೆ ವಿಎಂ ಸ್ಟಾರ್ಟ್ ಆದದ್ದನ್ನೂ ಬಿಚ್ಚಿ ಓದಿ.

ಭೋಸರಿ ಅಡ್ಮಿನ್ · 9:38
ಇಎಫ್‌ಐ ಡಿಸ್ಕ್ ಸಾಲು ಇಲ್ಲ ಮೇಡಂ. ಟಾಸ್ಕ್‌ನಲ್ಲಿ ಒಂದು ವಾರ್ನಿಂಗ್ ಇದೆ: ಇಎಫ್‌ಐ ಡಿಸ್ಕ್ ಹಾಕಿಲ್ಲ, ತಾತ್ಕಾಲಿಕ ಇಎಫ್‌ಐ ವೇರಿಯಬಲ್ ಡಿಸ್ಕ್ ಬಳಸುತ್ತಿದ್ದೇನೆ ಅನ್ನುವ ಅರ್ಥದ್ದು. ಇಷ್ಟು ದಿನ ಟಾಸ್ಕ್ «ಓಕೆ» ಅಂತ ಮುಗಿಯುತ್ತದಲ್ಲ ಅಂತ ಯಾರೂ ಬಿಚ್ಚಿ ನೋಡಿರಲಿಲ್ಲ.

ಕೊತ್ರೂಡ್ ಅಕ್ಕ · 9:56
ಅದೇ ಕಾರಣ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇರೆಯವರಿಗೂ ಉಪಯೋಗ ಆಗಬಹುದು.

ನಿಜವಾದ ಕಂಪ್ಯೂಟರ್‌ನಲ್ಲಿ ಯುಇಎಫ್‌ಐ ತನ್ನ ಸೆಟ್ಟಿಂಗ್‌ಗಳನ್ನು ಮದರ್‌ಬೋರ್ಡ್‌ನ ಫ್ಲ್ಯಾಶ್ ಚಿಪ್‌ನಲ್ಲಿ ಬರೆದಿಡುತ್ತದೆ. ಯಾವ ಡಿಸ್ಕ್‌ನ ಯಾವ ಫೈಲ್‌ನಿಂದ ಬೂಟ್ ಆಗಬೇಕು ಅನ್ನುವುದೂ ಅಲ್ಲೇ ಇರುತ್ತದೆ. ವಿಎಂಗೆ ಚಿಪ್ ಎಲ್ಲಿದೆ? ಆದ್ದರಿಂದ ಓವಿಎಂಎಫ್ ಎರಡು ಫೈಲ್ ಆಗಿ ಬರುತ್ತದೆ. ಒಂದು ಕೋಡ್, ಅದು ಎಲ್ಲ ವಿಎಂಗಳಿಗೂ ಒಂದೇ, ಅದಕ್ಕೆ ಯಾರೂ ಬರೆಯುವುದಿಲ್ಲ. ಇನ್ನೊಂದು ವಾರ್ಸ್, ಅಂದ್ರೆ ವೇರಿಯಬಲ್‌ಗಳ ಫೈಲ್. ಇದು ಪ್ರತಿ ವಿಎಂಗೂ ಅದರದ್ದೇ ಪ್ರತಿ ಇರಬೇಕು. ಪ್ರಾಕ್ಸ್‌ಮಾಕ್ಸ್ ಇದನ್ನೇ ಇಎಫ್‌ಐ ಡಿಸ್ಕ್ ಅನ್ನುತ್ತದೆ. ಅದನ್ನು ನೀವು ಕೊಡದಿದ್ದರೆ, ವಿಎಂ ಸ್ಟಾರ್ಟ್ ಆಗುವಾಗಲೆಲ್ಲ ಖಾಲಿ ನಮೂನೆಯಿಂದ ಹೊಸ ಪ್ರತಿಯೊಂದನ್ನು ಟೆಂಪ್ ಫೋಲ್ಡರ್‌ನಲ್ಲಿ ಮಾಡಿಕೊಳ್ಳುತ್ತದೆ.

ಡೆಬಿಯನ್ ಒಳಗಿನಿಂದ ರೀಬೂಟ್ ಕೊಟ್ಟಾಗ ಹೋಸ್ಟ್‌ನ ಮೇಲಿರುವ ಕೆಮು (ವಿಎಂ ಅನ್ನು ಓಡಿಸುವ ಪ್ರೋಗ್ರಾಮ್) ಪ್ರೊಸೆಸ್ ಸಾಯುವುದಿಲ್ಲ. ಆ ಟೆಂಪ್ ಪ್ರತಿ ಹಾಗೇ ಉಳಿಯುತ್ತದೆ, ಬೂಟ್ ಎಂಟ್ರಿಯೂ ಉಳಿಯುತ್ತದೆ. ಪೂರ್ತಿ ಸ್ಟಾಪ್ ಮಾಡಿ ಸ್ಟಾರ್ಟ್ ಕೊಟ್ಟರೆ ಹೊಸ ಖಾಲಿ ಪ್ರತಿ. ನಿಮ್ಮ ವಿಎಂ ಇನ್‌ಸ್ಟಾಲ್ ಆದಾಗಿನಿಂದ ಒಮ್ಮೆಯೂ ಪೂರ್ತಿ ನಿಂತಿರಲಿಲ್ಲ ಅಂತ ಕಾಣುತ್ತದೆ.

ಭೋಸರಿ ಅಡ್ಮಿನ್ · 10:05
ಸರಿ ಇದೆ, ಹೋಸ್ಟ್ ಆಫ್ ಮಾಡಿದ್ದು ಇದೇ ಮೊದಲು. ಆದರೆ ಪಕ್ಕದ ಉಬುಂಟು ವಿಎಂಗೂ ಇಎಫ್‌ಐ ಡಿಸ್ಕ್ ಇಲ್ಲ, ಈಗ ನೋಡಿದೆ. ಅದು ಹೇಗೆ ಎದ್ದಿತು?

ಮಾಟುಂಗಾ ಮಾಮ · 10:20
ಒಳ್ಳೆ ಪ್ರಶ್ನೆ. ಎಂಟ್ರಿಗಳೇ ಇಲ್ಲದಾಗ ಯುಇಎಫ್‌ಐ ಕೈಚೆಲ್ಲಿ ಕೂರುವುದಿಲ್ಲ. ಇಎಸ್‌ಪಿ ಪಾರ್ಟಿಷನ್‌ನಲ್ಲಿ (ಡಿಸ್ಕ್‌ನಲ್ಲಿ ಬೂಟ್ ಫೈಲ್‌ಗಳಿಗೆ ಇಟ್ಟ ಜಾಗ) ಇಎಫ್‌ಐ ಫೋಲ್ಡರ್, ಅದರೊಳಗೆ ಬೂಟ್ ಫೋಲ್ಡರ್, ಅದರಲ್ಲಿ ಬೂಟ್ಎಕ್ಸ್64 ಡಾಟ್ ಇಎಫ್‌ಐ ಅನ್ನುವ ಫೈಲ್ ಇದೆಯಾ ಅಂತ ನೋಡುತ್ತದೆ. ಪೆನ್‌ಡ್ರೈವ್‌ನಿಂದ ಬೂಟ್ ಆಗುವುದು ಇದೇ ದಾರಿಯಲ್ಲಿ. ಉಬುಂಟು, ಫೆಡೋರಾ ಎರಡೂ ಅಲ್ಲಿ ಶಿಮ್‌ನ ಒಂದು ಪ್ರತಿ ಇಟ್ಟಿರುತ್ತವೆ, ಪಕ್ಕದಲ್ಲೇ ಫಾಲ್‌ಬ್ಯಾಕ್ ಪ್ರೋಗ್ರಾಮ್ ಇರುತ್ತದೆ. ಅದು ಓಡಿ ಕಳೆದುಹೋದ ಬೂಟ್ ಎಂಟ್ರಿಯನ್ನು ತಾನೇ ಮತ್ತೆ ಬರೆಯುತ್ತದೆ. ವಿಂಡೋಸ್ ಕೂಡ ಆ ಜಾಗದಲ್ಲಿ ತನ್ನ ಪ್ರತಿ ಇಡುತ್ತದೆ. ಡೆಬಿಯನ್ ಮಾತ್ರ ತಾನಾಗಿ ಇಡುವುದಿಲ್ಲ, ಕೇಳಿದರೆ ಇಡುತ್ತದೆ. ಅದೇ ಜಾಗದಲ್ಲಿ ಬೇರೆ ಓಎಸ್‌ನ ಫೈಲ್ ಇದ್ದರೆ ತುಳಿಯಬಾರದು ಅನ್ನುವ ಮರ್ಯಾದೆ. ಡ್ಯುಯಲ್ ಬೂಟ್ ಲ್ಯಾಪ್‌ಟಾಪ್‌ಗೆ ಅದು ಸರಿ. ಒಂದೇ ಓಎಸ್ ಇರುವ ವಿಎಂಗೆ ಆ ಮರ್ಯಾದೆ ಸುಮ್ನೆ ತಲೆನೋವು.

ಕೊತ್ರೂಡ್ ಅಕ್ಕ · 10:34
ರಿಪೇರಿ ಹೀಗೆ. ಸಂಜೆ ಸ್ಟೋರ್ಸ್ ಮುಚ್ಚಿದ ಮೇಲೆ ವಿಎಂ ನಿಲ್ಲಿಸಿ ಇಎಫ್‌ಐ ಡಿಸ್ಕ್ ಸೇರಿಸಿ. ಸೇರಿಸುವಾಗ «ಪ್ರೀ-ಎನ್‌ರೋಲ್ ಕೀಸ್» ಅನ್ನುವ ಟಿಕ್ ಇರುತ್ತದೆ, ಅದನ್ನು ತೆಗೆಯಿರಿ. ಟಿಕ್ ಇದ್ದರೆ ಮೈಕ್ರೋಸಾಫ್ಟ್ ಕೀಗಳು ತುಂಬಿ ಸೆಕ್ಯೂರ್ ಬೂಟ್ ಆನ್ ಆಗುತ್ತದೆ. ಡೆಬಿಯನ್ ಬೂಟ್ ಆಗಬಹುದು, ಅದರ ಶಿಮ್‌ಗೆ ಸಹಿ ಇದೆ. ಆದರೆ ನೀವೇ ಕಂಪೈಲ್ ಮಾಡಿದ ಮಾಡ್ಯೂಲ್ ಏನಾದರೂ ಇದ್ದರೆ ಅದು ಲೋಡ್ ಆಗುವುದಿಲ್ಲ. ಒಂದು ತೊಂದರೆ ಬಿಡಿಸಲು ಹೋಗಿ ಇನ್ನೊಂದು ತರಿಸಿಕೊಳ್ಳಬೇಡಿ.

ಹೊಸ ಇಎಫ್‌ಐ ಡಿಸ್ಕ್ ಖಾಲಿ ಇರುತ್ತದೆ, ಹಾಗಾಗಿ ಇನ್ನೊಂದು ಸಲ ಶೆಲ್‌ನಿಂದ ಕೈಯಾರೆ ಎಬ್ಬಿಸಬೇಕು. ಎದ್ದ ಮೇಲೆ ರೂಟ್ ಆಗಿ ಗ್ರಬ್-ಇನ್‌ಸ್ಟಾಲ್ ಓಡಿಸಿ, ಅದು ಬೂಟ್ ಎಂಟ್ರಿ ಬರೆಯುತ್ತದೆ. ಆಮೇಲೆ ಡಿಪಿಕೆಜಿ-ರೀಕಾನ್ಫಿಗರ್ ಗ್ರಬ್-ಇಎಫ್‌ಐ-ಎಎಂಡಿ64 ಕೊಡಿ. ಅದು ಕೇಳುವ ಪ್ರಶ್ನೆಗಳಲ್ಲಿ ಒಂದು, ರಿಮೂವಬಲ್ ಮೀಡಿಯಾ ಜಾಗದಲ್ಲೂ ಒಂದು ಪ್ರತಿ ಹಾಕಲಾ ಅಂತ. ಯೆಸ್ ಅನ್ನಿ. ಎರಡೂ ಮಾಡಿ, ಒಂದು ಕೈಕೊಟ್ಟರೆ ಇನ್ನೊಂದು ಇರುತ್ತದೆ.

ವೆರ್ಣಾ ಲ್ಯಾಬ್ · 11:48
ಇದೇ ಎಳೆಯಲ್ಲಿ ನನ್ನದೊಂದು ಕೇಳಲಾ ರೀ? ಗೋವಾದ ವೆರ್ಣಾದಲ್ಲಿ ಇದ್ದೇನೆ. ಮೂಲ ಹುಬ್ಬಳ್ಳಿ. ವಿಎಂವೇರ್‌ನಿಂದ ವಿಂಡೋಸ್ ಸರ್ವರ್ ಒಂದನ್ನು ಕೆವಿಎಂಗೆ (ಲಿನಕ್ಸ್‌ನಲ್ಲಿ ವಿಎಂ ಓಡಿಸುವ ವ್ಯವಸ್ಥೆ) ತಂದೆವು. ಮೊದಲು «ನೋ ಬೂಟಬಲ್ ಡಿವೈಸ್» ಅಂತಿತ್ತು. ಸೀಬಯಾಸ್ (ಹಳೆಯ ಬಯಾಸ್ ಮಾದರಿಯ ಫರ್ಮ್‌ವೇರ್) ತೆಗೆದು ಓವಿಎಂಎಫ್ ಹಾಕಿದೆವು, ಆ ಮಾತು ಹೋಯಿತು. ಈಗ ವಿಂಡೋಸ್ ಲೋಗೋ ಬಂದು ಸುತ್ತುತ್ತದೆ, ಆಮೇಲೆ ನೀಲಿ ಪರದೆ, «ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್». ಫರ್ಮ್‌ವೇರ್ ಸೆಟ್ಟಿಂಗ್ ಎಲ್ಲಾ ತಿರುವಿ ತಿರುವಿ ನೋಡಿಯಾಯಿತು.

ಮಾಟುಂಗಾ ಮಾಮ · 12:10
ಫರ್ಮ್‌ವೇರ್ ತಿರುವುವುದನ್ನು ನಿಲ್ಲಿಸಿ ಮೊದಲು. ವಿಂಡೋಸ್ ಲೋಗೋ ಬಂತು ಅಂದ ಮೇಲೆ ಫರ್ಮ್‌ವೇರ್‌ನ ಕೆಲಸ ಮುಗಿಯಿತು. ಫರ್ಮ್‌ವೇರ್ ಬೂಟ್‌ಲೋಡರ್ ಓದಿತು, ಬೂಟ್‌ಲೋಡರ್ ಕರ್ನಲ್ ಓದಿತು. ಕರ್ನಲ್ ತನ್ನ ಸ್ವಂತ ಡ್ರೈವರ್‌ನಿಂದ ಡಿಸ್ಕ್ ನೋಡಲು ಹೋದಾಗ ಡ್ರೈವರ್ ಇಲ್ಲ. ಡಿಸ್ಕ್ ಅನ್ನು ವರ್ಟ್‌ಐಒ ಸ್ಕಸಿಗೆ (ವಿಎಂಗಳಿಗೆಂದೇ ಇರುವ ಡಿಸ್ಕ್ ಕಂಟ್ರೋಲರ್) ಹಾಕಿದ್ದೀರಿ, ಅಲ್ವಾ?

ಈಗ ಅದನ್ನು ಸಾಟಾಗೆ ಬದಲಿಸಿ. ಸಾಟಾ ಡ್ರೈವರ್ ವಿಂಡೋಸ್‌ನಲ್ಲೇ ಇದೆ, ಏಳುವ ಸಾಧ್ಯತೆ ಜಾಸ್ತಿ. ಎದ್ದ ಮೇಲೆ 1 ಜಿಬಿಯ ಖಾಲಿ ಡಿಸ್ಕ್ ಒಂದನ್ನು ವರ್ಟ್‌ಐಒ ಸ್ಕಸಿಯಲ್ಲಿ ಸೇರಿಸಿ, ವರ್ಟ್‌ಐಒ-ವಿನ್ ಐಎಸ್‌ಒದಿಂದ ಡ್ರೈವರ್ ಹಾಕಿ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಆ ಖಾಲಿ ಡಿಸ್ಕ್ ಕಾಣಬೇಕು. ಕಂಡರೆ ವಿಂಡೋಸ್‌ಗೆ ಡ್ರೈವರ್ ದಕ್ಕಿದೆ ಅಂತ. ಆಮೇಲೆ ಆಫ್ ಮಾಡಿ, ಮುಖ್ಯ ಡಿಸ್ಕ್ ಅನ್ನು ಸ್ಕಸಿಗೆ ವರ್ಗ ಮಾಡಿ. ಬೂಟ್ ಆರ್ಡರ್‌ನಲ್ಲಿ ಹೊಸ ಹೆಸರಿಗೆ ಟಿಕ್ ಹಾಕಿ, ಇದನ್ನು ಮರೆಯುವವರು ಬಹಳ.

ಲಿನಕ್ಸ್‌ನಲ್ಲೂ ಇದೇ ರೋಗ, ಮುಖ ಬೇರೆ. ರೆಡ್ ಹ್ಯಾಟ್‌ನ ಆರ್‌ಎಚ್‌ಇಎಲ್ ಬಳಗದಲ್ಲಿ ಡ್ರಾಕಟ್ ಅನ್ನುವ ಸಾಧನ ಆಗಿನ ಹಾರ್ಡ್‌ವೇರ್‌ಗೆ ಬೇಕಾದ ಡ್ರೈವರ್ ಮಾತ್ರ ಇನಿಟ್‌ರ್ಯಾಮ್‌ಎಫ್‌ಎಸ್ (ಕರ್ನಲ್ ಜೊತೆ ಮೊದಲು ಲೋಡ್ ಆಗುವ ಕಿರು ಫೈಲ್ ಕಟ್ಟು) ಒಳಗೆ ತುಂಬುತ್ತದೆ. ವಿಎಂವೇರ್‌ನಲ್ಲಿ ಹುಟ್ಟಿದ್ದಕ್ಕೆ ವರ್ಟ್‌ಐಒ ಇರುವುದಿಲ್ಲ. ಗ್ರಬ್ ಬರುತ್ತದೆ, ಕರ್ನಲ್ ಬರುತ್ತದೆ, ರೂಟ್ ಡಿಸ್ಕ್ ಸಿಗದೆ ಡ್ರಾಕಟ್ ಎಮರ್ಜೆನ್ಸಿ ಶೆಲ್. ಗ್ರಬ್ ಮೆನುವಿನ ರೆಸ್ಕ್ಯೂ ಕರ್ನಲ್‌ನಲ್ಲಿ ಎಲ್ಲ ಡ್ರೈವರ್ ಇರುತ್ತವೆ. ಅದರಿಂದ ಎದ್ದು ಇನಿಟ್‌ರ್ಯಾಮ್‌ಎಫ್‌ಎಸ್ ಮತ್ತೆ ಕಟ್ಟಿ.

ವೆರ್ಣಾ ಲ್ಯಾಬ್ · 2:25
ಸಾಟಾಗೆ ಹಾಕಿದ ತಕ್ಷಣ ಬಂತು ನೋಡ್ರಿ. ಡ್ರೈವರ್ ಈಗ ಹಾಕುತ್ತಿದ್ದೇನೆ.

ಐರೋಲಿ ನೈಟ್‌ಶಿಫ್ಟ್ · 2:40
ನನಗೊಂದು ಮೂಲಭೂತ ಸಂಶಯ. ವಿಎಂಗೆ ಯುಇಎಫ್‌ಐ ಯಾಕೆ ಬೇಕು? ಸೀಬಯಾಸ್ ಹಾಕಿ, ಕಣ್ಣು ಮಿಟುಕಿಸುವಷ್ಟರಲ್ಲಿ ಗ್ರಬ್. ವಾರ್ಸ್ ಇಲ್ಲ, ಕೀ ಇಲ್ಲ, ಈ ರಾಮಾಯಣ ಇಲ್ಲ.

ಕೊತ್ರೂಡ್ ಅಕ್ಕ · 3:02
ಲಿನಕ್ಸ್ ಸರ್ವರ್ ಮಟ್ಟಿಗೆ ನಿಮ್ಮ ಮಾತಿಗೆ ನಾನು ಅರ್ಧ ಒಪ್ಪುತ್ತೇನೆ. ಬೇರೆ ಕಾರಣ ಇಲ್ಲದಿದ್ದರೆ ಸೀಬಯಾಸ್ ಸಾಕು, ಬಯಾಸ್ ಬೂಟ್ ಪಾರ್ಟಿಷನ್ ಇಟ್ಟರೆ ಅದು ಜಿಪಿಟಿ (ಹೊಸ ಮಾದರಿಯ ಪಾರ್ಟಿಷನ್ ಪಟ್ಟಿ) ಡಿಸ್ಕ್‌ನಿಂದಲೂ ಗ್ರಬ್ ಎಬ್ಬಿಸುತ್ತದೆ. ಆದರೆ ವಿಂಡೋಸ್ 11 ಯುಇಎಫ್‌ಐ ಮತ್ತು ಟಿಪಿಎಂ 2.0 (ಕೀಗಳನ್ನು ಕಾಯುವ ಸೆಕ್ಯೂರಿಟಿ ಚಿಪ್) ಕೇಳುತ್ತದೆ. ಜಿಪಿಯು ಪಾಸ್‌ಥ್ರೂ (ಗ್ರಾಫಿಕ್ಸ್ ಕಾರ್ಡನ್ನು ನೇರ ವಿಎಂಗೆ ಕೊಡುವುದು) ಮಾಡುವವರಿಗೂ ಓವಿಎಂಎಫ್ ಒಳ್ಳೆಯದು. ಇನ್ನು ಮೈಕ್ರೋಸಾಫ್ಟ್‌ನ ಹೈಪರ್-ವಿಯಲ್ಲಿ ಜನರೇಷನ್ 2 ಅಂದ್ರೇನೇ ಯುಇಎಫ್‌ಐ, ವಿಎಂ ಮಾಡಿದ ಮೇಲೆ ಜನರೇಷನ್ ಬದಲಿಸಲು ಬರುವುದಿಲ್ಲ. ಅಲ್ಲಿ ಲಿನಕ್ಸ್ ಏಳದಿದ್ದರೆ ಮೊದಲು ಸೆಕ್ಯೂರ್ ಬೂಟ್ ಟೆಂಪ್ಲೇಟ್ ನೋಡಿ. ಮೊದಲಿಗೆ ವಿಂಡೋಸ್ ಟೆಂಪ್ಲೇಟ್ ಇರುತ್ತದೆ. ಅದನ್ನು ಮೈಕ್ರೋಸಾಫ್ಟ್ ಯುಇಎಫ್‌ಐ ಸರ್ಟಿಫಿಕೇಟ್ ಅಥಾರಿಟಿಗೆ ಬದಲಿಸಿದರೆ ಶಿಮ್ ಒಪ್ಪಿಕೊಳ್ಳುತ್ತದೆ.

ನನ್ನ ತಕರಾರು ಬೇರೆ. ವಿಎಂ ಏಳದಿದ್ದಾಗ ಸುಮ್ನೆ ಸೀಬಯಾಸ್‌ನಿಂದ ಓವಿಎಂಎಫ್‌ಗೆ, ಓವಿಎಂಎಫ್‌ನಿಂದ ಸೀಬಯಾಸ್‌ಗೆ ತಿರುಗಿಸುತ್ತಾ ಕೂರುತ್ತಾರಲ್ಲ, ಅದು ಬೇಡ. ಇನ್‌ಸ್ಟಾಲ್ ಆದಾಗ ಯಾವುದಿತ್ತೋ ಅದೇ ಇರಬೇಕು. ವಿಎಂವೇರ್‌ನಿಂದ ತಂದದ್ದಾದರೆ ಹಳೆಯ ವಿಎಂಎಕ್ಸ್ ಫೈಲ್‌ನಲ್ಲಿ ಫರ್ಮ್‌ವೇರ್ ಅನ್ನುವ ಸಾಲಿನಲ್ಲಿ ಇಎಫ್‌ಐ ಅಂತ ಇದೆಯಾ ನೋಡಿ. ಆ ಫೈಲ್ ಇಲ್ಲದಿದ್ದರೆ ಡಿಸ್ಕ್‌ನ ಪಾರ್ಟಿಷನ್ ಪಟ್ಟಿಯಲ್ಲಿ ಇಎಸ್‌ಪಿ ಇದೆಯಾ ನೋಡಿ. ಓಡುತ್ತಿರುವ ಲಿನಕ್ಸ್ ಆದರೆ ಸಿಸ್ ಅಡಿಯಲ್ಲಿ ಫರ್ಮ್‌ವೇರ್, ಅದರಲ್ಲಿ ಇಎಫ್‌ಐ ಫೋಲ್ಡರ್ ಇದ್ದರೆ ಯುಇಎಫ್‌ಐ, ಇಲ್ಲದಿದ್ದರೆ ಬಯಾಸ್. ಬಯಾಸ್ ವಿಂಡೋಸ್ ಅನ್ನು ಯುಇಎಫ್‌ಐ ಮಾಡಲೇಬೇಕು ಅಂದ್ರೆ ಎಂಬಿಆರ್2ಜಿಪಿಟಿ ಇದೆ, ವಿಂಡೋಸ್ 10ರ 1703ರಿಂದ ಜೊತೆಗೇ ಬರುತ್ತದೆ. ಮೊದಲು ವ್ಯಾಲಿಡೇಟ್ ಮಾಡಿ, ಸ್ನ್ಯಾಪ್‌ಶಾಟ್ ಇಟ್ಟುಕೊಂಡು, ಆಮೇಲೆ ಕನ್ವರ್ಟ್.

ಡೊಂಬಿವಲಿ 2ನೇ ಮಹಡಿ · 4:15
ನನ್ನದು ಶೆಲ್ ತನಕವೂ ಬರುವುದಿಲ್ಲ. ಲಿಬ್‌ವರ್ಟ್ (ವಿಎಂಗಳ ವಿವರವನ್ನು ಎಕ್ಸ್‌ಎಂಎಲ್ ಫೈಲ್‌ನಲ್ಲಿಟ್ಟು ನಡೆಸುವ ಸಾಧನ) ಬಳಸುತ್ತೇನೆ. ಹೋಸ್ಟ್ ಅಪ್‌ಗ್ರೇಡ್ ಮಾಡಿ, ವಿಎಂಗಳನ್ನು ಹಳೆಯ ಎಕ್ಸ್‌ಎಂಎಲ್ ತಿದ್ದಿ ಮತ್ತೆ ಡಿಫೈನ್ ಮಾಡಿದೆ. ಸ್ಟಾರ್ಟ್ ಆಗುತ್ತದೆ, ಒಂದು ಸಿಪಿಯು ನೂರಕ್ಕೆ ನೂರು ಓಡುತ್ತದೆ, ಪರದೆ ಮೇಲೆ «ಗೆಸ್ಟ್ ಹ್ಯಾಸ್ ನಾಟ್ ಇನಿಷಿಯಲೈಸ್ಡ್ ದಿ ಡಿಸ್ಪ್ಲೇ» ಅಷ್ಟೇ.

ಮಾಟುಂಗಾ ಮಾಮ · 4:40
ಲೋಗೋ ಕೂಡ ಬರದಿದ್ದರೆ ಫರ್ಮ್‌ವೇರ್ ತಾನೇ ಕುಸಿದಿದೆ. ಇಲ್ಲಿ ಗೆಸ್ಟ್ (ವಿಎಂ ಒಳಗಿನ ಓಎಸ್) ಡಿಸ್ಕ್ ಮುಟ್ಟಿ ಪ್ರಯೋಜನ ಇಲ್ಲ. ಎರಡು ಕಡೆ ನೋಡಿ.

ಎಕ್ಸ್‌ಎಂಎಲ್‌ನಲ್ಲಿ ಲೋಡರ್ ಸಾಲು (ಕೋಡ್ ಫೈಲ್), ಎನ್‌ವಿರ್ಯಾಮ್ ಸಾಲು (ವಾರ್ಸ್ ಫೈಲ್) ಎರಡನ್ನೂ ಪಕ್ಕ ಪಕ್ಕ ಇಟ್ಟು ಓದಿ. ಓವಿಎಂಎಫ್ ಹಿಂದೆ 2 ಎಂಬಿ ಗಾತ್ರದ್ದಾಗಿ ಬರುತ್ತಿತ್ತು, ಈಗಿನದು 4 ಎಂಬಿ. ಕೋಡ್ 4 ಎಂಬಿಯದು, ವಾರ್ಸ್ ಹಳೆಯ 2 ಎಂಬಿಯದು ಅಂದ್ರೆ ಹೊಂದುವುದಿಲ್ಲ. ಒಳಗಿನ ವಿಂಗಡಣೆಯೇ ಬೇರೆ, ಹೆಸರು ಬದಲಿಸಿ ಕೂರಿಸಲು ಆಗುವುದಿಲ್ಲ.

ಇನ್ನೊಂದು, ಲೋಡರ್ ಹೆಸರಿನಲ್ಲಿ ಸೆಕ್‌ಬೂಟ್ ಅಂತ ಇದ್ದು ಮೆಷಿನ್ ಟೈಪ್ ಹಳೆಯ ಐ440ಎಫ್‌ಎಕ್ಸ್ ಆಗಿದ್ದರೂ ಹೀಗೇ ಕಪ್ಪು ಪರದೆ. ಸೆಕ್ಯೂರ್ ಬೂಟ್‌ನ ಆ ಬಿಲ್ಡ್‌ಗೆ ಎಸ್‌ಎಂಎಂ (ಫರ್ಮ್‌ವೇರ್‌ಗೆಂದೇ ಮೀಸಲಾದ ಸಿಪಿಯು ಮೋಡ್) ಬೇಕು, ಅದಕ್ಕೆ ಕ್ಯೂ35 ಅನ್ನುವ ಹೊಸ ಮೆಷಿನ್ ಟೈಪ್ ಬೇಕು.

ಇವೆರಡೂ ಅಲ್ಲದಿದ್ದರೆ ಕೆಮುಗೆ ಡಿಬಗ್‌ಕಾನ್ (ಫರ್ಮ್‌ವೇರ್ ಸಂದೇಶಗಳನ್ನು ಹೊರಗೆ ತರುವ ಸಾಧನ) ಸೇರಿಸಿ, ಪೋರ್ಟ್ 0x402 ಕೊಟ್ಟು, ಫೈಲ್‌ಗೆ ತಿರುಗಿಸಿ. ಡಿಬಗ್ ಬಿಲ್ಡ್ ಆಗಿದ್ದರೆ ಓವಿಎಂಎಫ್ ತಾನು ಮಾಡಿದ್ದೆಲ್ಲ ಅಲ್ಲಿ ಬರೆಯುತ್ತದೆ. ರಿಲೀಸ್ ಬಿಲ್ಡ್ ಆದರೆ ಫೈಲ್ ಖಾಲಿ.

ಡೊಂಬಿವಲಿ 2ನೇ ಮಹಡಿ · 5:05
ವಾರ್ಸ್ ಫೈಲ್ ಗಾತ್ರ ನೋಡಿದೆ, ಹಳೆಯದೇ. ಕೋಡ್ ಹೆಸರಿನಲ್ಲಿ 4ಎಂ ಇದೆ. ಈಗ ಎನ್‌ವಿರ್ಯಾಮ್ ಸಾಲಿನಲ್ಲಿ ಹೊಸ ಹೆಸರು ಕೊಟ್ಟು 4 ಎಂಬಿ ನಮೂನೆಯಿಂದ ಹೊಸ ವಾರ್ಸ್ ಮಾಡಿಸಿದೆ. ಉಬುಂಟು ಗೆಸ್ಟ್ ತಾನಾಗಿ ಎದ್ದಿತು. ಫಾಲ್‌ಬ್ಯಾಕ್ ಕಥೆ ಕಣ್ಣಾರೆ ಕಂಡೆ, ನೀಲಿ ಪರದೆಯೊಂದು ಬಂದು ರೀಸೆಟ್ ಆಯಿತು, ಆಮೇಲೆ ನೇರ ಗ್ರಬ್.

ಹಳೆಯ ವಾರ್ಸ್ ಎಸೆಯಬಹುದಾ?

ಕೊತ್ರೂಡ್ ಅಕ್ಕ · 5:30
ವಿಂಡೋಸ್ ಗೆಸ್ಟ್‌ಗಳದ್ದು ಮಾತ್ರ ಎಸೆಯಬೇಡಿ. ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಎನ್‌ಕ್ರಿಪ್ಷನ್) ಇದ್ದರೆ ಸೆಕ್ಯೂರ್ ಬೂಟ್ ಸ್ಥಿತಿಯನ್ನೂ ಟಿಪಿಎಂ ಮೂಲಕ ಅಳೆದಿಟ್ಟಿರುತ್ತದೆ. ವಾರ್ಸ್ ಬದಲಾಯಿತು ಅಂದ್ರೆ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಕೀ ಕೈಯಲ್ಲಿ ಇಟ್ಟುಕೊಂಡೇ ಮುಂದಕ್ಕೆ ಹೋಗಿ.

ಲಿಬ್‌ವರ್ಟ್ ಬಳಸುವವರಿಗೆ ಇನ್ನೊಂದು ಮಾತು. ಕ್ಯೂಕೌ2 ಫೈಲ್ (ವಿಎಂನ ಡಿಸ್ಕ್) ಮಾತ್ರ ಕಾಪಿ ಮಾಡಿ ಬ್ಯಾಕಪ್ ಆಯಿತು ಅಂದುಕೊಳ್ಳುವವರು ಇಲ್ಲೂ ಇದ್ದಾರೆ. ಡಿಸ್ಕ್ ಮನೆಯಾದರೆ ವಾರ್ಸ್ ಅದರ ವಿಳಾಸದ ಚೀಟಿ. ಅದು ವಾರ್, ಲಿಬ್, ಲಿಬ್‌ವರ್ಟ್, ಕೆಮು ಅಡಿಯ ಎನ್‌ವಿರ್ಯಾಮ್ ಫೋಲ್ಡರ್‌ನಲ್ಲಿ ವಿಎಂ ಹೆಸರಿನಲ್ಲೇ ಇರುತ್ತದೆ. ಡಿಸ್ಕ್, ಎಕ್ಸ್‌ಎಂಎಲ್, ವಾರ್ಸ್ ಮೂರೂ ಒಟ್ಟಿಗೆ ಇಡಿ. ಟಿಪಿಎಂ ಇದ್ದರೆ ಅದರ ಫೋಲ್ಡರ್ ಕೂಡ. ಪ್ರಾಕ್ಸ್‌ಮಾಕ್ಸ್‌ನ ಬ್ಯಾಕಪ್ ಇಎಫ್‌ಐ ಡಿಸ್ಕ್ ಅನ್ನೂ ಸೇರಿಸಿಕೊಳ್ಳುತ್ತದೆ, ಅಲ್ಲಿ ಈ ಚಿಂತೆ ಇಲ್ಲ.

ಕಾರವಾರದವ, ಈಗ ಮಡಗಾಂವ್ · ಶನಿವಾರ ಬೆಳಗ್ಗೆ 10:10
ಸೆಕ್ಯೂರ್ ಬೂಟ್ ಕೀಗಳ ಅವಧಿ 2026ಕ್ಕೆ ಮುಗಿಯುತ್ತದೆ, ಎಲ್ಲ ವಿಎಂ ನಿಂತು ಹೋಗುತ್ತವೆ ಅಂತ ವಾಟ್ಸಾಪ್‌ನಲ್ಲಿ ಸುತ್ತುತ್ತಿದೆ. ನಿಜವಾ?

ಮಾಟುಂಗಾ ಮಾಮ · 10:45
ಅರ್ಧ ನಿಜ. ಮೈಕ್ರೋಸಾಫ್ಟ್‌ನ 2011ರ ಸರ್ಟಿಫಿಕೇಟ್‌ಗಳ ಅವಧಿ 2026ಕ್ಕೆ ಮುಗಿಯುತ್ತದೆ. ಶಿಮ್‌ಗೆ ಸಹಿ ಹಾಕುವ ಯುಇಎಫ್‌ಐ ಸಿಎ ಜೂನ್‌ಗೆ, ವಿಂಡೋಸ್ ಬೂಟ್‌ಲೋಡರ್‌ನದು ಅಕ್ಟೋಬರ್‌ಗೆ. ಆದರೆ ಫರ್ಮ್‌ವೇರ್ ಬೂಟ್ ಮಾಡುವಾಗ ತಾರೀಕು ನೋಡಿ ಬಾಗಿಲು ಹಾಕುವುದಿಲ್ಲ. ಇವತ್ತು ಏಳುತ್ತಿರುವುದು ನಾಳೆಯೂ ಏಳುತ್ತದೆ.

ತೊಂದರೆ ಬರುವುದು ಮುಂದೆ. 2023ರ ಹೊಸ ಕೀಯಿಂದ ಮಾತ್ರ ಸಹಿಯಾದ ಬೂಟ್‌ಲೋಡರ್ ಬಂದಾಗ, ಹಳೆಯ ವಾರ್ಸ್ ಇರುವ ವಿಎಂಗೆ ಆ ಕೀ ಗೊತ್ತಿರುವುದಿಲ್ಲ. ಹೋಸ್ಟ್‌ನಲ್ಲಿ ಓವಿಎಂಎಫ್ ಪ್ಯಾಕೇಜ್ ಅಪ್‌ಡೇಟ್ ಮಾಡಿದರೆ ನಮೂನೆ ಬದಲಾಗುತ್ತದೆ, ಈಗಾಗಲೇ ಇರುವ ವಿಎಂಗಳ ಪ್ರತಿ ಬದಲಾಗುವುದಿಲ್ಲ. ಅವಕ್ಕೆ ಗೆಸ್ಟ್ ಒಳಗಿನಿಂದಲೇ ಕೀ ತುಂಬಬೇಕು, ಇಲ್ಲವಾದರೆ ವಾರ್ಸ್ ಹೊಸದಾಗಿ ಮಾಡಬೇಕು. ಬಿಟ್‌ಲಾಕರ್ ಬಗ್ಗೆ ಅಕ್ಕ ಹೇಳಿದ್ದು ಅಲ್ಲಿಯೂ ಲಾಗೂ.

ಭೋಸರಿ ಅಡ್ಮಿನ್ · ಶನಿವಾರ ಸಂಜೆ 7:20
ಅಕ್ಕ ಹೇಳಿದ ಹಾಗೆ ಎಲ್ಲ ಮಾಡಿದೆ. ಮುಂದಿನ ಗುರುವಾರದ ತನಕ ಕಾಯದೆ ಇವತ್ತೇ ಪೂರ್ತಿ ಸ್ಟಾಪ್ ಮಾಡಿ ಸ್ಟಾರ್ಟ್ ಕೊಟ್ಟು ನೋಡಿದೆ. ನೇರವಾಗಿ ಗ್ರಬ್. ಉಬುಂಟು ವಿಎಂಗೂ ಇಎಫ್‌ಐ ಡಿಸ್ಕ್ ಹಾಕಿದೆ.

ಒಂದು ಸಣ್ಣ ವಿಷಯ ಉಳಿದಿದೆ. ಇಎಫ್‌ಐಬೂಟ್‌ಎಂಜಿಆರ್‌ನಲ್ಲಿ (ಬೂಟ್ ಎಂಟ್ರಿಗಳನ್ನು ತೋರಿಸುವ ಕಮಾಂಡ್) ಡೆಬಿಯನ್ ಜೊತೆಗೆ ಡಿವಿಡಿ ಒಂದು, ಪಿಎಕ್ಸ್‌ಇ ಎರಡು ಕಾಣುತ್ತವೆ. ಅಳಿಸಿದೆ, ಮುಂದಿನ ಬೂಟ್‌ಗೆ ಮತ್ತೆ ಬಂದವು.

ಮಾಟುಂಗಾ ಮಾಮ · 7:41
ಅವನ್ನು ಫರ್ಮ್‌ವೇರ್ ತಾನೇ ಪ್ರತಿ ಬೂಟ್‌ನಲ್ಲೂ ಹುಟ್ಟಿಸುತ್ತದೆ, ಗೆಸ್ಟ್ ಒಳಗಿನಿಂದ ಅಳಿಸಿ ಗೆಲ್ಲಲು ಆಗುವುದಿಲ್ಲ. ಪ್ರಾಕ್ಸ್‌ಮಾಕ್ಸ್‌ನಲ್ಲಿ ಆಪ್ಷನ್ಸ್, ಬೂಟ್ ಆರ್ಡರ್‌ಗೆ ಹೋಗಿ ನೆಟ್0 ಮತ್ತು ಡಿವಿಡಿಯ ಟಿಕ್ ತೆಗೆಯಿರಿ. ಆ ಪಟ್ಟಿಯನ್ನು ಕೆಮು ಓವಿಎಂಎಫ್‌ಗೆ ಕೊಡುತ್ತದೆ, ಅದಕ್ಕೆ ತಕ್ಕಂತೆ ಓವಿಎಂಎಫ್ ಬೂಟ್ ಆರ್ಡರ್ ಮತ್ತೆ ಜೋಡಿಸಿಕೊಳ್ಳುತ್ತದೆ. ಮುಖ್ಯ ಡಿಸ್ಕ್‌ನ ಟಿಕ್ ಮಾತ್ರ ಇರಲಿ.

ಭೋಸರಿ ಅಡ್ಮಿನ್ · 7:52
ಟಿಕ್ ತೆಗೆದೆ. ಪಿಎಕ್ಸ್‌ಇ ಸರದಿಯಿಂದ ಹೋಯಿತು. ಎಳೆಗೆ «ಬಗೆಹರಿದಿದೆ» ಅಂತ ಹಾಕುತ್ತಿದ್ದೇನೆ. ವೆರ್ಣಾ ಸರ್, ನಿಮ್ಮ ವಿಂಡೋಸ್ ಸ್ಕಸಿಗೆ ಹೋಯಿತಾ?

ವೆರ್ಣಾ ಲ್ಯಾಬ್ · 8:30
ಹೋಯಿತು ರೀ. ಬೂಟ್ ಆರ್ಡರ್ ಟಿಕ್ ಹಾಕುವುದನ್ನು ಮಾಮ ಹೇಳಿರದಿದ್ದರೆ ಇನ್ನೊಂದು ತಾಸು ಅಲ್ಲೇ ಕೂರುತ್ತಿದ್ದೆವು.